ಕುಮಿಹಿಮೊ ಕಲಿಯಲು ಮರುದಾಯಿ ಕೊಳ್ಳಲೇಬೇಕೇ?

ಫೋಮ್ ತಟ್ಟೆಯ ಮೇಲೆ ಎಂಟು ಎಳೆಯ ಜಪಾನೀ ಹಗ್ಗ, ಅಂದರೆ ಕುಮಿಹಿಮೊ, ಹೆಣೆಯಲು ಕಲಿತಿರುವ ನೀವು, ಇನ್ನು ಮರದ ಹೆಣಿಗೆ ಪೀಠವಾದ ಮರುದಾಯಿಗೆ ಹಣ ಹಾಕಬೇಕೇ ಎಂದು ಕೇಳಿದ್ದೀರಿ. ಕೈಗೆ ಕಟ್ಟುವ ದಾರಗಳಷ್ಟೇ ಸಾಕೆನ್ನುವುದಾದರೆ ಬೇಡ. ರೇಷ್ಮೆಯಲ್ಲಿ ಉದ್ದನೆಯ ಹಗ್ಗ ಹೆಣೆಯುವ ಆಸೆಯಿದ್ದರೆ ಬೇಕು ಎನ್ನುತ್ತೇನೆ. ಕಾರಣ ಇರುವುದು ತೂಕದಲ್ಲಿ.

ಜಡೆ ಹಾಕುವಾಗ ಬಿಗಿ ಬರುವುದು ಬೆರಳುಗಳಿಂದ. ಫೋಮ್ ತಟ್ಟೆಯಲ್ಲಾದರೆ ಅಂಚಿನ ಸೀಳುಗಳು ದಾರವನ್ನು ಕಚ್ಚಿ ಹಿಡಿಯುತ್ತವೆ. ಮರುದಾಯಿಯಲ್ಲಿ ಇವೆರಡೂ ಇಲ್ಲ. ನಡುವೆ ರಂಧ್ರವಿರುವ ದುಂಡು ಹಲಗೆಯ ನುಣುಪಾದ ಅಂಚಿನಿಂದ ಪ್ರತಿಯೊಂದು ಎಳೆಯೂ ಇಳಿಬಿದ್ದು, ಅದರ ತುದಿಯಲ್ಲಿ 'ತಾಮಾ' ಎಂಬ, ಒಳಗೆ ಸೀಸವಿಟ್ಟ ಮರದ ಉರುಳೆ ತೂಗುತ್ತಿರುತ್ತದೆ. ಹೆಣೆದ ಭಾಗ ರಂಧ್ರದೊಳಗೆ ಇಳಿಯುತ್ತ ಹೋಗಲೆಂದು ಅದಕ್ಕೊಂದು ತೂಕದ ಚೀಲ ಕಟ್ಟುತ್ತಾರೆ. 70 ಗ್ರಾಂ ತೂಕದ ಎಂಟು ತಾಮಾಗಳಿದ್ದರೆ ಒಟ್ಟು 560 ಗ್ರಾಂ, ಚೀಲ ಅದರ ಅರ್ಧದ ಆಸುಪಾಸು. ಚೀಲದ ಭಾರ ಹೆಚ್ಚಿಸಿದರೆ ಹೆಣಿಗೆ ಉದ್ದುದ್ದವಾಗಿ, ಮೃದುವಾಗಿ ಬರುತ್ತದೆ. ತಗ್ಗಿಸಿದರೆ ಹೆಣೆಯುವ ಬಿಂದು ಮೇಲೆದ್ದು ಹಗ್ಗ ಗಟ್ಟಿಯಾಗುತ್ತದೆ. ತೂಕಕ್ಕೆಂದು ಚೀಲದಲ್ಲಿ ಹಾಕಿದ ಒಂದೆರಡು ನಾಣ್ಯ ತೆಗೆದರೂ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ.

ಕೈಚಲನೆಯೂ ಬೇರೆ. ಎಂಟೆಳೆಯ ಕೊಂಗೊ-ಗುಮಿ ಎಂಬ ದುಂಡು ಹೆಣಿಗೆಯಲ್ಲಿ ಬಲಗೈ ಆಚೆ ಬದಿಯ ಬಲ ಎಳೆಯನ್ನು ಈಚೆಗೆ ತರುವಷ್ಟರಲ್ಲಿ ಎಡಗೈ ಈಚೆಯ ಎಡ ಎಳೆಯನ್ನು ಆಚೆಗೆ ಒಯ್ದಿರುತ್ತದೆ. ನಂತರ ಅಡ್ಡದ ಎರಡು ಜೋಡಿಗಳದ್ದೂ ಹೀಗೆಯೇ. ಎರಡೂ ಕೈ ಒಟ್ಟಿಗೆ ಆಡುವುದರಿಂದ ಎಳೆತ ಒಂದು ಕಡೆಗೆ ವಾಲುವುದಿಲ್ಲ. ಕಿಮೋನೊದ ನಡುಪಟ್ಟಿಯ ಮೇಲೆ ಕಟ್ಟುವ ಒಬಿಜಿಮೆಗೆ ಸುಮಾರು ಒಂದೂವರೆ ಮೀಟರ್ ಉದ್ದಕ್ಕೂ ಈ ಸಮತೆ ಬೇಕು. 1876ರಲ್ಲಿ ಖಡ್ಗಧಾರಣೆ ನಿಷೇಧವಾಗಿ ಕತ್ತಿಯ ಹಗ್ಗಗಳ ಬೇಡಿಕೆ ಕುಸಿದ ಮೇಲೆ ಹೆಣೆಯುವವರನ್ನು ಬದುಕಿಸಿದ್ದು ಬಹುಮಟ್ಟಿಗೆ ಈ ಒಬಿಜಿಮೆಯೇ. ಇಗಾ ಮತ್ತು ಕ್ಯೋಟೊದ ಕುಮಿಹಿಮೊಗಳಿಗೆ 1976ರಲ್ಲಿ ಸಾಂಪ್ರದಾಯಿಕ ಕರಕುಶಲದ ಸರ್ಕಾರಿ ಮಾನ್ಯತೆಯೂ ದೊರೆಯಿತು.

ಚಪ್ಪಟೆ ಪಟ್ಟಿಗಳ ಚಿತ್ತಾರ ಕಂಡು ತಕಾದಾಯಿಗೆ ಮನಸೋಲಬೇಡಿ. ಕುಳಿತವರ ಇಕ್ಕೆಲಗಳಲ್ಲಿ ಎಳೆಗಳನ್ನು ಹರಡಿ, ಮರದ ಕತ್ತಿಯಂಥ ಹೆರಾದಿಂದ ತಟ್ಟುತ್ತ ಹೆಣೆಯುವ ಆ ದೊಡ್ಡ ಚೌಕಟ್ಟಿಗೆ ಜಾಗವೂ ತಾಳ್ಮೆಯೂ ಬಹಳ ಬೇಕು.

ಕೊಳ್ಳುವ ಮುನ್ನ, ನಡುವೆ ರಂಧ್ರ ಕೊರೆದು ಅಂಚನ್ನು ಚೆನ್ನಾಗಿ ಉಜ್ಜಿದ ಹಲಗೆಯೊಂದನ್ನು ಸ್ಟೂಲಿನ ಚೌಕಟ್ಟಿಗೆ ಕೂರಿಸಿ, ಮರಳು ತುಂಬಿದ ಸಣ್ಣ ಡಬ್ಬಿಗಳನ್ನು ತಾಮಾಗಳಾಗಿ ಬಳಸಿ ನೋಡಬಹುದು. ಆದರೆ ಡಬ್ಬಿಗಳನ್ನು ತಕ್ಕಡಿಯಲ್ಲಿಟ್ಟು ಎಂಟನ್ನೂ ಒಂದೇ ತೂಕಕ್ಕೆ ತನ್ನಿ; ಒಂದು ಭಾರವಾದರೂ ಹಗ್ಗ ಆ ಬದಿಗೆ ಸೊಟ್ಟಗಾಗುತ್ತದೆ.