ಗ್ರಾಫ್ ಹಾಳೆಯ ಮೇಲೆ ನೆಲಮಾಳಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಂಡ ಕಟ್ಟಿಕೊಂಡು ನೆಲಮಾಳಿಗೆಯ ಜಟಿಲ ದಾರಿಗಳಲ್ಲಿ ಅಲೆಯುವ 1981ರ ಕಂಪ್ಯೂಟರ್ ಆಟ ‘ವಿಝಾರ್ಡ್ರಿ’ಯನ್ನು ಮೂಲ ರೂಪದಲ್ಲೇ ಆಡುತ್ತಿದ್ದೇನೆ. ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆಯುತ್ತಾ ಹೋದರೆ ಸ್ವಲ್ಪ ಹೊತ್ತಿಗೇ ಒಂದು ಕೋಣೆ ಇನ್ನೊಂದರ ಮೇಲೆ ಬಂದು ಕೂರುತ್ತದೆ. ತಪ್ಪೆಲ್ಲಿ?

ಉತ್ತರ: ಮೊದಲು ಅಳತೆ ಸರಿಮಾಡಿಕೊಳ್ಳಿ. ಈ ಆಟದಲ್ಲಿ 10 ಅಂತಸ್ತುಗಳು, ಪ್ರತಿಯೊಂದೂ 20×20 ಮನೆ (ಚೌಕ). ಒಂದು ಮನೆಗೆ 1 ಸೆಂ.ಮೀ. ಹಿಡಿದರೆ ಎ4 ಹಾಳೆಯ ಅಗಲ ಪೂರ್ತಿ ಮುಗಿದು ಅಂಚಿನಲ್ಲಿ ಅಂಕೆ ಬರೆಯಲು ಜಾಗ ಸಿಗದು. 5 ಮಿ.ಮೀ. ಹಿಡಿಯಿರಿ, ಒಂದು ಹಾಳೆಗೆ 2 ಅಂತಸ್ತು, ಪಕ್ಕದಲ್ಲಿ ಟಿಪ್ಪಣಿಗೂ ಜಾಗ. ಕೆಳಗಿನ ಎಡಮೂಲೆ ಸೊನ್ನೆ. ಅಲ್ಲಿಂದ ಪೂರ್ವಕ್ಕೂ ಉತ್ತರಕ್ಕೂ 19ರವರೆಗೆ ಅಂಕೆ ಹಾಕಿ. ಮೊದಲ ಅಂತಸ್ತಿನ ಮೆಟ್ಟಿಲು ಆ ಸೊನ್ನೆ ಮನೆಯಲ್ಲೇ ಇದೆ. ಗೋಡೆಯನ್ನು ಗೆರೆಯ ಮೇಲೆ ಎಳೆಯಿರಿ, ಮನೆಯನ್ನು ತುಂಬಬೇಡಿ. ಇಲ್ಲಿ ಗೋಡೆಗೆ ದಪ್ಪವಿಲ್ಲ, ತುಂಬಿದಿರೋ ಲೆಕ್ಕ ಒಂದೊಂದೇ ಮನೆ ಜಾರುತ್ತದೆ.

ಇಷ್ಟಾದರೂ ಕೋಣೆಗಳು ಮೇಲೆ ಬಿದ್ದರೆ ಮೂರು ಕಾರಣ ನೋಡಿ. ಸ್ಪಿನ್ನರ್ ಮನೆ ನಿಮ್ಮ ತಂಡವನ್ನು ಸದ್ದಿಲ್ಲದೆ ಬೇರೆ ದಿಕ್ಕಿಗೆ ತಿರುಗಿಸಿರುತ್ತದೆ. ನೀವು ಉತ್ತರ ಅಂದುಕೊಂಡು ಬರೆದದ್ದು ಪೂರ್ವವಾಗಿರುತ್ತದೆ. ಟೆಲಿಪೋರ್ಟರ್ ಎತ್ತಿ ಬೇರೆಡೆ ಇಟ್ಟಿರುತ್ತದೆ. ಇಲ್ಲವೇ ಗೋಡೆಯಿಲ್ಲದ ಅಂಚಿನಲ್ಲಿ 19ನೇ ಮನೆ ದಾಟಿ ಆಚೆ ಬದಿಯ ಸೊನ್ನೆಗೆ ಬಂದಿರುತ್ತೀರಿ. ಹಾಳೆಗೆ ಹಾಳೆ ಅಂಟಿಸಿಕೊಂಡು ಹೋಗುವವರು ಎಡವುವುದು ಇಲ್ಲೇ.

ಮೂರಕ್ಕೂ ಮದ್ದು ‘ಡುಮಾಪಿಕ್’ ಮಂತ್ರ. ಮೆಟ್ಟಿಲಿನಿಂದ ಎಷ್ಟು ಮನೆ ಪೂರ್ವ, ಎಷ್ಟು ಉತ್ತರ, ಮುಖ ಯಾವ ಕಡೆ ಎಂದು ಅದು ಹೇಳುತ್ತದೆ. ಮೊದಲ ಹಂತದ ಮಂತ್ರ, ಕಲಿಯುವುದು ಸುಲಭ. ಎದುರಿನ ನೋಟ ಹಠಾತ್ತನೆ ಬದಲಾದ ಮನೆಯಲ್ಲಿ ಹಾಕಿ ನೋಡಿ, ಆಮೇಲೆ ಮುಂದುವರಿಯಿರಿ. ಸಂಶಯದ ಭಾಗವನ್ನು ಅಳಿಸಬೇಡಿ, ಚುಕ್ಕೆ ಗೆರೆಯಲ್ಲಿ ಬಿಡಿ. ಎಲ್ಲಿ ತಿರುಗಿದಿರಿ ಎಂಬ ಸುಳಿವು ಅದರಲ್ಲೇ ಇರುತ್ತದೆ. ಈ ಶಿಸ್ತು ಮುಂದೆ ಪ್ರಾಣ ಉಳಿಸುತ್ತದೆ: ತಂಡವನ್ನು ಬೇಕಾದ ಮನೆಗೆ ಒಮ್ಮೆಲೇ ಒಯ್ಯುವ ‘ಮಾಲೋರ್’ ಮಂತ್ರದಲ್ಲಿ ಲೆಕ್ಕ ತಪ್ಪಿ ಬಂಡೆಯೊಳಗೆ ಇಳಿದರೆ ಇಡೀ ತಂಡವೇ ಹೋದಂತೆ.

ಪ್ರಶ್ನೆ: ಕತ್ತಲೆ ವಲಯದಲ್ಲಿ ಏನೂ ಕಾಣುವುದಿಲ್ಲ. ಅಲ್ಲಿ ಏನು ಬರೆಯಲಿ?

ಉತ್ತರ: ದೀಪದ ಮಂತ್ರವೂ ಅಲ್ಲಿ ಆರಿಹೋಗುತ್ತದೆ. ಒಂದೊಂದೇ ಹೆಜ್ಜೆ ಇಡಿ. ಗೋಡೆಗೆ ಬಡಿದು ಪರದೆಯಲ್ಲಿ ‘ಔಚ್’ ಎಂದು ಬಂದ ಕಡೆ ಮಾತ್ರ ಗೋಡೆ ಎಳೆಯಿರಿ. ನಡೆದ ಮನೆಗೆ ಪೆನ್ಸಿಲ್‌ನಲ್ಲಿ ತೆಳುವಾಗಿ ಓರೆಗೆರೆ ಹಾಕಿ. ಊಹಿಸಿ ಬರೆದ ಗೋಡೆಗಿಂತ ಖಾಲಿ ಬಿಟ್ಟ ಮನೆ ಮೇಲು.

ಪ್ರಶ್ನೆ: ‘ಝೋರ್ಕ್’ನಂಥ, ಚಿತ್ರವಿಲ್ಲದೆ ಬರಹದಲ್ಲೇ ನಡೆಯುವ ಅಕ್ಷರದ ಆಟಗಳಿಗೂ ಗ್ರಾಫ್ ಹಾಳೆ ಬೇಕೇ?

ಉತ್ತರ: ಬೇಡ. ಅಲ್ಲಿ ದೂರಕ್ಕೆ ಅಳತೆಯಿಲ್ಲ. ಬಿಳಿ ಹಾಳೆಯಲ್ಲಿ ಸ್ಥಳಕ್ಕೊಂದು ಡಬ್ಬಿ ಬರೆದು ಗೆರೆಯಿಂದ ಜೋಡಿಸಿ, ಗೆರೆಯ ಎರಡೂ ತುದಿಯಲ್ಲಿ ದಿಕ್ಕು ಬರೆಯಿರಿ. ಉತ್ತರಕ್ಕೆ ಹೋದವರು ದಕ್ಷಿಣಕ್ಕೆ ತಿರುಗಿದರೆ ಹಳೆಯ ಜಾಗ ಸಿಗುತ್ತದೆಂಬ ಖಾತ್ರಿಯಿಲ್ಲ. ಎಲ್ಲ ಕೋಣೆಗಳ ವರ್ಣನೆಯೂ ಒಂದೇ ಆಗಿರುವ ಜಟಿಲ ದಾರಿಯಲ್ಲಿ ಕೋಣೆಗೊಂದು ವಸ್ತು ಬಿಟ್ಟು ಗುರುತಿಟ್ಟುಕೊಳ್ಳಿ. ಆದರೆ ಝೋರ್ಕ್‌ನ ಕಳ್ಳ ಬಿಟ್ಟ ವಸ್ತುವನ್ನು ಎತ್ತಿಕೊಂಡು ಹೋಗುತ್ತಾನೆ. ಹಾಗಾಗಿ ನಿಧಿಯನ್ನಂತೂ ಬಿಡಬೇಡಿ, ಒಂದೇ ಸಲ ಕೂತು ಆ ಭಾಗ ಮುಗಿಸಿ. ದೂರದಲ್ಲಿ ಅವನ ಮಾತು ಕೇಳಿಸಿತೆಂದರೆ ಯಾವುದೋ ಒಂದು ಗುರುತಿನ ಮೇಲೆ ಅವನ ಕಣ್ಣು ಬಿದ್ದಿದೆ. ಯಾವ ಕೋಣೆಯದು ಎಂದು ಹಿಂದಿರುಗಿ ನೋಡಿ, ಆಮೇಲೆ ಹೊಸ ಡಬ್ಬಿ ಬರೆಯಿರಿ.