ತಪ್ಪು ಒಬ್ಬರದು, ಸಾವು ಇನ್ನೊಬ್ಬರದೇ?

ಪ್ರಿಯ ಓದುಗರೇ,

ಗುಡ್ ಫ್ರೈಡೇ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಹೀಗೆ ಬರೆದಿದ್ದೀರಿ: "ಮಾಡಿದ್ದುಣ್ಣೋ ಮಾರಾಯ ಅಂತ ನಮ್ಮಜ್ಜಿ ಹೇಳುತ್ತಿದ್ದರು. ತಪ್ಪು ಮಾಡಿದವನು ಒಬ್ಬ, ಶಿಲುಬೆಗೇರಿದವನು ಇನ್ನೊಬ್ಬ. ಇದು ಯಾವ ನ್ಯಾಯ?" ಈ ಪ್ರಶ್ನೆ ನನ್ನನ್ನೂ ಬಹಳ ದಿನ ಕಾಡಿದೆ.

ಯೇಸು ನಮ್ಮ ಪಾಪಗಳಿಗಾಗಿ ಸತ್ತರು ಎಂಬುದು ಕ್ರೈಸ್ತರ ಮೂಲ ನಂಬಿಕೆ. ಆದರೆ ಆ ಸಾವು ಪಾಪವನ್ನು ಹೇಗೆ ಕಳೆಯಿತು ಎಂಬುದಕ್ಕೆ ಅವರಲ್ಲೇ ಒಂದೇ ಉತ್ತರ ಇಲ್ಲ. ನೀವು ಹೇಳುವ ಲೆಕ್ಕಕ್ಕೆ 11ನೇ ಶತಮಾನದ ಕೊನೆಯಲ್ಲಿ ಒಂದು ರೂಪ ಕೊಟ್ಟವರು ಕ್ರೈಸ್ತ ಧರ್ಮಪಂಡಿತ ಅನ್ಸೆಲ್ಮ್. ಪಾಪ ಅಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಕೊಡದೆ ಉಳಿಸಿಕೊಂಡ ಸಾಲ. ತೀರಿಸಬೇಕಾದವನು ಮನುಷ್ಯ, ತೀರಿಸಲು ಆಗುವುದು ದೇವರಿಗೆ ಮಾತ್ರ. ಹಾಗಾಗಿ ದೇವರೇ ಮನುಷ್ಯನಾಗಿ ಬರಬೇಕಾಯಿತು ಎಂದರು ಅವರು. ಮುಂದಿನ ತಲೆಮಾರಿನ ಪಂಡಿತ ಅಬೆಲಾರ್ಡ್ ಇದನ್ನು ಒಪ್ಪಲಿಲ್ಲ. ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೂರ ಅಲ್ವಾ ಎಂದು ಅವರೂ ಕೇಳಿದರು. ಶಿಲುಬೆಯಲ್ಲಿ ದೇವರ ಪ್ರೀತಿ ಕಂಡವನ ಮನಸ್ಸು ಬದಲಾಗುತ್ತದೆ, ಬಿಡುಗಡೆ ಅದೇ ಎಂಬುದು ಅವರ ವಾದ. ಅಂದರೆ ನಿಮ್ಮ ಪ್ರಶ್ನೆ ಚರ್ಚಿನ ಒಳಗೇ ಸುಮಾರು 900 ವರ್ಷಗಳಿಂದ ಇದೆ.

ಇಸ್ಲಾಂ ನಿಮ್ಮ ಅಜ್ಜಿಯ ಪಕ್ಕ ನಿಲ್ಲುತ್ತದೆ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎನ್ನುತ್ತದೆ ಕುರಾನ್. ಪಶ್ಚಾತ್ತಾಪಪಟ್ಟು ಬೇಡಿದರೆ ಅಲ್ಲಾಹನೇ ಕ್ಷಮಿಸುತ್ತಾನೆ. ಜೈನರಲ್ಲೂ ಅವರವರ ಕರ್ಮವನ್ನು ಅವರವರೇ ಸವೆಸಬೇಕು. ಯೆಹೂದಿಗಳ ಮಾತು ನನಗೆ ಜಾಸ್ತಿ ನಾಟಿದೆ. ದೇವರಿಗೆ ಮಾಡಿದ ತಪ್ಪು, ವರ್ಷಕ್ಕೊಮ್ಮೆ ಬರುವ ಅವರ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಂದು ಪರಿಹಾರವಾಗುತ್ತದೆ. ಪಕ್ಕದವನಿಗೆ ಮಾಡಿದ್ದು, ಅವನನ್ನು ಸಮಾಧಾನ ಮಾಡುವ ತನಕ ಕಳೆಯುವುದಿಲ್ಲ. ಸುಮ್ನೆ ದೇವರ ಮುಂದೆ ಅತ್ತರೆ ಸಾಲದು.

ಅನ್ಸೆಲ್ಮ್ ಲೆಕ್ಕ ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಶಿಲುಬೆ ಸ್ವಲ್ಪ ಅರ್ಥವಾದದ್ದು ಗ್ಲಾಡಿಸ್ ಸ್ಟೇನ್ಸ್ ಅವರಿಂದ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ, ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳನ್ನು, ಮಲಗಿದ್ದ ವಾಹನದಲ್ಲೇ ಸುಟ್ಟರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಆ ತಾಯಿ. ಅದರಿಂದ ಅವರ ನಷ್ಟ ಎಳ್ಳಷ್ಟೂ ಕಮ್ಮಿಯಾಗಲಿಲ್ಲ. ಸೇಡಿನಲ್ಲಿ ಇನ್ನೊಬ್ಬರಿಗೆ ದಾಟಿಸಬಹುದಾಗಿದ್ದ ನೋವನ್ನು ತಮ್ಮಲ್ಲೇ ಇಟ್ಟುಕೊಂಡರು. ಕ್ಷಮೆಗೆ ಬೆಲೆ ಇದೆ, ಅದನ್ನು ತೆರುವುದು ಕ್ಷಮಿಸುವವರೇ ಎಂದು ನನಗೆ ಆಗ ಹೊಳೆಯಿತು.

ನೀವು "ಇನ್ನೊಬ್ಬ" ಎಂದು ಬರೆದಿರಿ. ಕ್ರೈಸ್ತರ ನಂಬಿಕೆಯಲ್ಲಿ ಆ ಇನ್ನೊಬ್ಬ ಯಾರೋ ದಾರಿಹೋಕನಲ್ಲ. ನಮ್ಮ ತಪ್ಪಿನಿಂದ ನೊಂದ ದೇವರೇ ಶಿಲುಬೆಯ ಮೇಲಿರುವುದು. ನಿಮ್ಮ ಪತ್ರಕ್ಕೆ ನನ್ನ ಉತ್ತರ ಇಷ್ಟೇ.

ಅಜ್ಜಿಯ ಮಾತೂ ಇದರಿಂದ ಸುಳ್ಳಾಗುವುದಿಲ್ಲ. ಗ್ರಹಾಂ ಮತ್ತು ಮಕ್ಕಳ ಕೊಲೆಯ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗ್ಲಾಡಿಸ್ ಮಾತ್ರ ಆ ಕೊಲೆಯಾದ ಮೇಲೂ ಕೆಲ ವರ್ಷ ಒಡಿಶಾದ ಬಾರಿಪದಾದಲ್ಲೇ ಇದ್ದು, ಗಂಡ ನೋಡಿಕೊಳ್ಳುತ್ತಿದ್ದ ಕುಷ್ಠರೋಗಿಗಳ ಆರೈಕೆ ಮುಂದುವರಿಸಿದರು.

– ಸಂಪಾದಕ