ನಕಾಶೆಯನ್ನೆಲ್ಲ ಹಿಡಿದಿಡಲು ಹೋಗಬೇಡಿ: ವುಲ್ಫ್‌ಕ್ವೆಸ್ಟ್‌ನ ಗಡಿ ಕಾಯುವ ಕೆಲಸದ ಬಗ್ಗೆ

ನಮಸ್ಕಾರ. ತೋಳವಾಗಿ ಆಡುವ ಕಂಪ್ಯೂಟರ್ ಆಟ ವುಲ್ಫ್‌ಕ್ವೆಸ್ಟ್ ಬಗ್ಗೆ ನೀವು ಬರೆದ ದೂರನ್ನು ಎರಡು ಸಲ ಓದಿದೆ. ಆಟದ ನಕಾಶೆಗಳಲ್ಲೊಂದಾದ ಸ್ಲೂ ಕ್ರೀಕ್‌ನಲ್ಲಿ ಬಿಲ ಆರಿಸಿಕೊಂಡು ಮರಿಗಳು ಹುಟ್ಟಿದ ಮೇಲೆ ನಿಮ್ಮ ಆಟದ ಹೊತ್ತೆಲ್ಲ ವಾಸನೆಯ ಗುರುತು ಹಾಕುವುದರಲ್ಲೇ ಕಳೆಯುತ್ತಿದೆ. ಪೂರ್ವದ ಅಂಚು ಮುಗಿಸಿ ಬರುವಷ್ಟರಲ್ಲಿ ಪಶ್ಚಿಮದ ಷಟ್ಕೋನಗಳು, ಅಂದರೆ ನಕಾಶೆಯನ್ನು ಹಂಚಿದ ಆರು ಮೂಲೆಯ ಮನೆಗಳು, ಮಸುಕಾಗಿರುತ್ತವೆ. ನೀವು ಗಡಿಯಲ್ಲಿ ಓಡಾಡುತ್ತಿದ್ದಾಗಲೇ ಗ್ರಿಜ್ಲಿ ಕರಡಿ ಬಂದು ನಾಲ್ಕರಲ್ಲಿ ಎರಡು ಮರಿಗಳು ಹೋದವು. ಹೀಗಾದರೆ ಇದು ತೋಳವಾಗಿ ಬದುಕುವ ಆಟವೋ ಬೇಲಿ ಕಾಯುವ ಕೂಲಿಯೋ ಎಂದು ಕೇಳಿದ್ದೀರಿ. ಇದಕ್ಕೆ ಇನ್ನೊಬ್ಬರು, ಗಡಿಯ ಗೊಡವೆಯನ್ನೇ ಬಿಟ್ಟು ಬೇಟೆಯಾಡಿಕೊಂಡಿರಿ ಎಂದು ಸಲಹೆ ಕೊಟ್ಟಿದ್ದಾರೆ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಆ ಸಲಹೆಯನ್ನು ನಾನು ಒಪ್ಪುವುದಿಲ್ಲ.

ನೀವು ಹಾಕಿರುವ ನಕಾಶೆಯ ಚಿತ್ರವನ್ನು ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಮುಕ್ಕಾಲು ಪಾಲು ನಕಾಶೆಗೆ ನಿಮ್ಮ ಬಣ್ಣ ಹತ್ತಿದೆ, ಆದರೆ ಎಲ್ಲಿಯೂ ಗಾಢವಾಗಿಲ್ಲ. ಪ್ರತಿ ಷಟ್ಕೋನದಲ್ಲಿ ಒಂದೊಂದು ಗುರುತು ಹಾಕಿ ಮುಂದಕ್ಕೆ ಓಡಿದ್ದೀರಿ ಎಂದು ತೋರುತ್ತದೆ. ಒಂದು ಷಟ್ಕೋನದಲ್ಲಿ ಯಾರ ಗುರುತು ಬಲವಾಗಿದೆಯೋ ಆ ಜಾಗ ಅವರದ್ದು, ಹಾಕಿದ ಗುರುತು ದಿನ ಕಳೆದಂತೆ ಕ್ಷೀಣಿಸುತ್ತದೆ ಎಂಬ ಎರಡು ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿ: ತೆಳುವಾಗಿ ಹರಡಿದ ಸರಹದ್ದು ಏಕಕಾಲಕ್ಕೆ ಎಲ್ಲ ಕಡೆಯೂ ಮಾಸಲೇಬೇಕು. ಹಾಸಿಗೆಗಿಂತ ಕಾಲು ಬಹಳ ಮುಂದೆ ಚಾಚಿಕೊಂಡಿದೆ, ಅಷ್ಟೆ. ನೀವು ಸೋಮಾರಿತನ ಮಾಡಿದ್ದರಿಂದ ಗಡಿ ಹೋಗುತ್ತಿಲ್ಲ. ಎರಡು ತೋಳಗಳು ಹಿಡಿದಿಡಲಾಗದಷ್ಟು ನೆಲವನ್ನು ನಿಮ್ಮದೆಂದು ಎಣಿಸಿರುವುದರಿಂದ ಹೋಗುತ್ತಿದೆ.

ಗುರುತು ಮಾಸುವುದು ಆಟಗಾರನನ್ನು ಸತಾಯಿಸಲೆಂದೇ ಇಟ್ಟ ಉಪದ್ರವವೆಂದು ನಾನೂ ಮೊದಲು ತಿಳಿದಿದ್ದೆ. ಈ ಆಟ 2007ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಮೃಗಾಲಯ ಮತ್ತು ಎಜುವೆಬ್ ಸಂಸ್ಥೆ ಸೇರಿ ತೋಳದ ಬದುಕನ್ನು ಕಲಿಸುವುದಕ್ಕಾಗಿ ಹೊರತಂದದ್ದು; ನಾವು ಈಗ ಆಡುತ್ತಿರುವ ವಾರ್ಷಿಕೋತ್ಸವದ ಆವೃತ್ತಿ 2019ರಲ್ಲಿ ಆಟಗಾರರ ಕೈಗೆ ಬರತೊಡಗಿತು. ಹಾಗಾಗಿ ಆಟದ ಒಳಗೆ ದಾರಿ ಕಾಣದಾಗ ನಿಜವಾದ ತೋಳ ಏನು ಮಾಡುತ್ತದೆ ಎಂದು ನೋಡುವುದು ನನ್ನ ರೂಢಿ, ಮತ್ತು ಗಡಿಯ ವಿಷಯದಲ್ಲಿ ಆ ರೂಢಿ ಚೆನ್ನಾಗಿಯೇ ಫಲ ಕೊಟ್ಟಿತು. ರೋಜರ್ ಪೀಟರ್ಸ್ ಮತ್ತು ಡೇವಿಡ್ ಮೀಚ್ ಎಂಬ ಇಬ್ಬರು ಸಂಶೋಧಕರು ಮಿನ್ನೆಸೋಟದ ಹಿಮದಲ್ಲಿ ತೋಳಗಳ ಹೆಜ್ಜೆಯ ಜಾಡನ್ನೇ ಹಿಡಿದು ನಡೆದು, ತಾವು ಕಂಡದ್ದನ್ನು 1975ರಲ್ಲಿ ಪ್ರಕಟಿಸಿದರು. ತೋಳಗಳು ನಡೆಯುವ ದಾರಿಯಲ್ಲಿ ಸರಾಸರಿ 240 ಮೀಟರಿಗೊಂದರಂತೆ ಗುರುತುಗಳು ಸಿಕ್ಕವು. ಆದರೆ ಅವು ಎಲ್ಲ ಕಡೆ ಸಮನಾಗಿ ಇರಲಿಲ್ಲ. ಸರಹದ್ದಿನ ಅಂಚಿನಲ್ಲಿ, ನಡುವಿನ ಭಾಗಕ್ಕೆ ಹೋಲಿಸಿದರೆ, ಸುಮಾರು ಎರಡು ಪಟ್ಟು ದಟ್ಟವಾಗಿದ್ದವು. ಅಂಚು ಎತ್ತರ, ನಡು ತಗ್ಗು ಇರುವ ವಾಸನೆಯ ಬಟ್ಟಲೊಂದನ್ನು ಕಲ್ಪಿಸಿಕೊಳ್ಳಿ. ಹಿಂಡು ಆ ಬಟ್ಟಲಿನೊಳಗೆ ಬದುಕುತ್ತದೆ. ನೀವು ಮಾಡುತ್ತಿರುವುದು ಬಟ್ಟಲಲ್ಲ, ತಟ್ಟೆ.

ಆದ್ದರಿಂದ ಮೊದಲ ಕೆಲಸ, ಬಿಡುವ ನೆಲ ಯಾವುದೆಂದು ನಿರ್ಧರಿಸುವುದು. ಇದು ಮನಸ್ಸಿಗೆ ಕಷ್ಟ, ಏಕೆಂದರೆ ಬಣ್ಣ ಕಳೆದುಕೊಳ್ಳುವ ಪ್ರತಿ ಷಟ್ಕೋನವೂ ಸೋಲಿನಂತೆ ಕಾಣುತ್ತದೆ. ನಕಾಶೆಯನ್ನು ತೆರೆದು ನಿಮ್ಮ ಬಿಲವನ್ನೂ, ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡುಗಳು ನಿಮಗೆ ಪದೇ ಪದೇ ಸಿಗುವ ಒಂದೆರಡು ಬಯಲುಗಳನ್ನೂ, ಅವುಗಳ ನಡುವಿನ ದಾರಿಯನ್ನೂ ಗುರುತಿಸಿಕೊಳ್ಳಿ. ಇವು ಮೂರೂ ಒಳಗೆ ಬರುವಂತೆ ಒಂದು ಸುತ್ತು ಎಳೆದರೆ ಎಷ್ಟು ಷಟ್ಕೋನಗಳಾಗುತ್ತವೆಯೋ ಅಷ್ಟೇ ನಿಮ್ಮ ಸರಹದ್ದು. ಅದರ ಹೊರಗಿನದ್ದು ಮಾಸಿದರೆ ಮಾಸಲಿ, ಮತ್ತೆ ಅದರ ಕಡೆ ತಿರುಗಿ ನೋಡಬೇಡಿ. ನಿಮ್ಮ ಚಿತ್ರದಲ್ಲಿ ಉತ್ತರದ ಎತ್ತರದಲ್ಲಿ ಹಿಡಿದಿರುವ ಸಾಲಂತೂ ಬೇಟೆಗೂ ಬಾರದು, ಬಿಲದ ಕಾವಲಿಗೂ ಬಾರದು. ಅದನ್ನು ಕಾಯಲು ಹೋಗಿ ಬರುವ ಹೊತ್ತಿನಲ್ಲಿ ಒಂದು ಎಲ್ಕ್ ಬೇಟೆ ಮುಗಿಯುತ್ತಿತ್ತು.

ಎರಡನೆಯದು, ಉಳಿದ ಸುತ್ತಿನಲ್ಲಿಯೂ ಎಲ್ಲ ಅಂಚುಗಳಿಗೆ ಒಂದೇ ಬೆಲೆ ಇಲ್ಲ. ನೆರೆಯ ಹಿಂಡಿನ ಬಣ್ಣ ನಿಮ್ಮ ಬಣ್ಣಕ್ಕೆ ತಾಗುವ ಕಡೆ ಮಾತ್ರ ನಿಮ್ಮ ಶ್ರಮಕ್ಕೆ ಅರ್ಥವಿದೆ. ಅಂಥ ಅಂಚಿಗೆ ಹೋದಾಗ ವಾಸನೆಗಳನ್ನು ಕಣ್ಣಿಗೆ ಕಾಣಿಸುವ ಆಟದ ನೋಟವನ್ನು ತೆರೆದು ಪರಕೀಯ ತೋಳಗಳ ಜಾಡು ಹೊಸದೋ ಹಳೆಯದೋ ಎಂದು ಮೊದಲು ತಿಳಿಯಿರಿ. ಜಾಡು ಹೊಸದಾಗಿದ್ದರೆ ಅಲ್ಲೇ ನಿಂತು, ಒಂದೇ ಗುರುತಿಗೆ ತೃಪ್ತರಾಗದೆ, ಆ ಷಟ್ಕೋನ ನಿಮ್ಮ ಬಣ್ಣದಲ್ಲಿ ಗಟ್ಟಿಯಾಗುವವರೆಗೂ ಅದರೊಳಗೆ ಅಲ್ಲಲ್ಲಿ ಗುರುತು ಹಾಕಿ. ಮೂರು ಷಟ್ಕೋನ ಗಟ್ಟಿಯಾಗಿದ್ದರೆ, ಹತ್ತು ಷಟ್ಕೋನ ಪೇಲವವಾಗಿರುವುದಕ್ಕಿಂತ ಎಷ್ಟೋ ಮೇಲು. ಯಾವ ಹಿಂಡೂ ತಾಗದ ಅಂಚಿಗೆ ಬೇಟೆಯ ನೆಪದಲ್ಲಿ ಹೋದಾಗ ಒಂದು ಗುರುತು ಹಾಕಿದರೆ ಸಾಕು.

ನೆಪ ಎಂದೆ, ಅದೇ ಮೂರನೆಯ ವಿಷಯ, ಮತ್ತು ನನ್ನ ಆಟವನ್ನು ನಿಜವಾಗಿ ಬದಲಾಯಿಸಿದ್ದೂ ಅದೇ. ಗಡಿ ಸುತ್ತುವುದು ಒಂದು ಕೆಲಸ, ಬೇಟೆ ಇನ್ನೊಂದು ಕೆಲಸ ಎಂದು ಬೇರ್ಪಡಿಸಿದರೆ ಹೊತ್ತು ಎಂದಿಗೂ ಸಾಲುವುದಿಲ್ಲ. ನಿಜವಾದ ತೋಳಗಳು ಗುರುತು ಹಾಕುವುದಕ್ಕೆಂದೇ ಹೊರಡುವುದಿಲ್ಲ. ತಾವು ದಿನವೂ ಬಳಸುವ ಕಾಲುದಾರಿಗಳಲ್ಲಿ, ಮುಖ್ಯವಾಗಿ ದಾರಿಗಳು ಕೂಡುವ ಕಡೆಗಳಲ್ಲಿ, ನಡೆಯುತ್ತ ನಡೆಯುತ್ತಲೇ ಹಾಕುತ್ತವೆ. ಬಿಲದಿಂದ ಬೇಟೆಗೆ ಹೊರಡುವಾಗ ಒಂದು ಅಂಚನ್ನು ಸವರಿಕೊಂಡು ಹೋಗಿ, ಹೊಟ್ಟೆ ತುಂಬಿಸಿಕೊಂಡು ಮರಿಗಳಿಗೆ ಕಕ್ಕಲು ಮರಳುವಾಗ ಇನ್ನೊಂದು ದಾರಿ ಹಿಡಿಯಿರಿ. ಮರುದಿನ ಬೇರೆ ಬಯಲಿಗೆ ಹೋದರೆ ಉಳಿದ ಅಂಚುಗಳೂ ಮುಗಿಯುತ್ತವೆ. ಹೀಗೆ ಮಾಡಿದರೆ ಗಡಿಗೆಂದು ಬೇರೆ ಹೊತ್ತು ಬೇಕಾಗುವುದು ಬಹಳ ಅಪರೂಪ, ನೆರೆಯ ಹಿಂಡು ಬಲವಾಗಿ ಒಳನುಗ್ಗಿದಾಗ ಮಾತ್ರ.

ಮರಿಗಳ ವಿಷಯಕ್ಕೆ ಬರುತ್ತೇನೆ. ಒಮ್ಮೆ ನಾನು ನಕಾಶೆಯ ಮೂಲೆಯೊಂದು ಬಣ್ಣ ಬದಲಾಯಿಸಿತೆಂಬ ಒಂದೇ ಕಾರಣಕ್ಕೆ, ಮರಿಗಳು ಹಸಿದಿರುವಾಗಲೇ, ಬಿಲದಿಂದ ಅತಿ ದೂರದ ಆ ಮೂಲೆಗೆ ಓಡಿದೆ. ಮೂಲೆ ಸಿಕ್ಕಿತು; ಮೂರು ಮರಿಗಳು ಹೋದವು. ಆಮೇಲೆ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ: ಮರಿಗಳ ಹೊಟ್ಟೆ ತುಂಬಿರಬೇಕು, ಜೊತೆಗಾರ ತೋಳ ಬಿಲದ ಬಳಿ ಉಳಿದಿರಬೇಕು, ಬಿಲದ ಸುತ್ತ ಕರಡಿ, ಕೂಗರ್, ಕಯೋಟಿಗಳ ಹೊಸ ವಾಸನೆ ಇರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಆ ದಿನ ಗಡಿಗೆ ಹೋಗುವುದಿಲ್ಲ, ಷಟ್ಕೋನ ಹೋದರೆ ಹೋಗಲಿ. ಕಳೆದುಹೋದ ನೆಲವನ್ನು ನಾಳೆ ಮತ್ತೆ ಹಿಡಿಯಬಹುದು, ಮರಿಯನ್ನು ಹಾಗೆ ಹಿಡಿದು ತರಲಾಗದು. ಇನ್ನೊಂದು ಚಿಕ್ಕ ಸಂಗತಿ: ನಿದ್ದೆ ಮಾಡಿದರೆ ಆಟದ ಗಡಿಯಾರ ಬೇಗ ಓಡುತ್ತದೆಯಾದ್ದರಿಂದ, ಗಡಿಯನ್ನೆಲ್ಲ ಗಟ್ಟಿಮಾಡಿ ಬಂದು ಮಲಗುವ ಬದಲು, ಮಲಗಿ ಎದ್ದ ಮೇಲೆ ನಕಾಶೆ ನೋಡಿ ಹೊರಡುವುದನ್ನು ನಾನು ರೂಢಿಸಿಕೊಂಡಿದ್ದೇನೆ.

ಪರಕೀಯ ತೋಳಗಳು ಕಂಡೊಡನೆ ಮೇಲೆ ಬೀಳುವ ಅಭ್ಯಾಸವನ್ನೂ ಬಿಡಿ. ನಿಮ್ಮ ಬರಹದಲ್ಲಿ ಹೆಣ್ಣು ತೋಳದ ಆರೋಗ್ಯ ಅರ್ಧಕ್ಕೆ ಇಳಿದಿತ್ತೆಂದು ಬರೆದದ್ದು ಇದೇ ಕಾರಣಕ್ಕಿರಬೇಕೆಂದು ನನ್ನ ಊಹೆ. ಆಟ ನಡೆಯುವ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಲಾಗಿತ್ತು. 1995ರಲ್ಲಿ ಕೆನಡಾದ ಆಲ್ಬರ್ಟದಿಂದ 14, ಮರುವರ್ಷ ಬ್ರಿಟಿಷ್ ಕೊಲಂಬಿಯಾದಿಂದ 17 ತೋಳಗಳನ್ನು ತಂದು ಬಿಟ್ಟರು. ಅವುಗಳ ಸಂತತಿ ಬೆಳೆದು ಹಿಂಡುಗಳು ಒತ್ತೊತ್ತಾದ ಮೇಲೆ, ಉದ್ಯಾನದೊಳಗೆ ತೋಳಗಳ ಸಹಜ ಸಾವಿಗೆ ಅತಿ ದೊಡ್ಡ ಕಾರಣವಾದದ್ದು ಬೇರೆ ತೋಳಗಳೇ. ಅಲ್ಲಿನ ಹಿಂಡುಗಳ ಜಗಳಗಳನ್ನು ವರ್ಷಗಟ್ಟಲೆ ಗಮನಿಸಿದವರಿಗೆ ಸಾಮಾನ್ಯವಾಗಿ ದೊಡ್ಡ ಹಿಂಡೇ ಗೆಲ್ಲುವುದೂ, ಗುಂಪಿನಲ್ಲಿ ವಯಸ್ಸಾದ, ಅನುಭವಿ ತೋಳವಿದ್ದರೆ ಗೆಲುವಿನ ಸಾಧ್ಯತೆ ಇನ್ನೂ ಹೆಚ್ಚುವುದೂ ಕಂಡುಬಂದಿದೆ. ನೀವಿರುವುದು ಇಬ್ಬರು. ಎದುರಿಗೆ ಮೂರು ನಾಲ್ಕು ತೋಳಗಳಿದ್ದರೆ ಹಿಂದೆ ಸರಿದು, ಅವು ಹೋದ ಮೇಲೆ ಬಂದು ಅವುಗಳ ಗುರುತಿನ ಮೇಲೆ ನಿಮ್ಮದನ್ನು ಹಾಕಿ. ಗುರುತು ಹಾಕುವುದರ ಪ್ರಯೋಜನವೇ ಮುಖಾಮುಖಿಯಾಗದೆ ವ್ಯವಹಾರ ಮುಗಿಸುವುದು. ಊಳಿಡುವುದೂ ಅದಕ್ಕೇ, ನಿಜವಾದ ತೋಳದ ಕೂಗು ಕಾಡಿನಲ್ಲಿ ಸುಮಾರು 10 ಕಿಲೋಮೀಟರ್, ತೆರೆದ ಬಯಲಿನಲ್ಲಿ ಸುಮಾರು 16 ಕಿಲೋಮೀಟರ್ ದೂರದವರೆಗೆ ಕೇಳಿಸುತ್ತದೆ.

ನೆರೆಯ ಹಿಂಡಿನ ಗೆರೆಗೆ ಗೆರೆ ತಾಗಿಸಿಕೊಂಡೇ ಇರಬೇಕೆಂಬ ಹಟವೂ ಬೇಡ. ಹಿಂಡು ಹಿಂಡಿನ ಸರಹದ್ದುಗಳ ನಡುವಿನ ಪಟ್ಟಿಯಲ್ಲಿ ತೋಳಗಳು ಹೆಚ್ಚು ಹೊತ್ತು ನಿಲ್ಲದಿರುವುದರಿಂದ ಜಿಂಕೆಗಳು ಆ ಪಟ್ಟಿಯಲ್ಲೇ ಉಳಿದುಕೊಳ್ಳುತ್ತವೆ ಎಂದು ಇದೇ ಮೀಚ್ ಮಿನ್ನೆಸೋಟದ ಬಗ್ಗೆ 1977ರಲ್ಲಿ ಬರೆದರು. ಆಟದಲ್ಲಿಯೂ ಒಂದು ಷಟ್ಕೋನದ ಅಗಲವನ್ನು ಯಾರದ್ದೂ ಅಲ್ಲವೆಂಬಂತೆ ಬಿಟ್ಟುಕೊಟ್ಟರೆ, ಪದೇ ಪದೇ ಅಳಿಸಿ ಬರೆಯುವ ಹಗ್ಗಜಗ್ಗಾಟ ಎಷ್ಟೋ ತಗ್ಗುತ್ತದೆ.

ಇದೆಲ್ಲ ಈಗ ನಡೆಯುತ್ತಿರುವ ಆಟಕ್ಕೆ. ಮುಂದಿನ ಸಲ ಹೊಸದಾಗಿ ಆರಂಭಿಸಿದಾಗ, ಮರಿಗಳು ಹುಟ್ಟುವ ಮೊದಲೇ ಗಡಿಯ ಬಹುಪಾಲು ಕೆಲಸ ಮುಗಿಸಿ. ನೀವು ಬೇಗ ಬೇಗ ಬಿಲ ಹಿಡಿದು, ಆಮೇಲೆ ಗಡಿ ಕಟ್ಟಲು ಹೊರಟದ್ದು ತೊಂದರೆಯ ಬೇರು ಎಂದು ನನಗೆ ಅನ್ನಿಸುತ್ತದೆ. ಒಂಟಿ ತೋಳಗಳು ಗುರುತು ಹಾಕುವುದು ಅಪರೂಪ, ಹೊಸದಾಗಿ ಜೋಡಿಯಾದ ತೋಳಗಳು ಎಲ್ಲರಿಗಿಂತ ಹೆಚ್ಚು ಹಾಕುತ್ತವೆ ಎಂಬುದು ಕ್ಷೇತ್ರದಲ್ಲಿ ಕಂಡ ಸಂಗತಿ. ಮರಿಗಳ ಕಾಟವಿಲ್ಲದ ಆ ದಿನಗಳನ್ನು ನಾವೂ ಹಾಗೆಯೇ ಬಳಸಿಕೊಳ್ಳಬೇಕು. ಬಿಲವನ್ನು ಆರಿಸುವಾಗ ನೋಟದ ಚೆಂದಕ್ಕೆ ಮರುಳಾಗದೆ ನೆರೆಯ ಹಿಂಡು ಎಷ್ಟು ದೂರವಿದೆ ಎಂದು ಅಳೆಯಿರಿ. ಮಿನ್ನೆಸೋಟದಲ್ಲಿ ಬಿಲಗಳ ಸ್ಥಾನವನ್ನು ಪರಿಶೀಲಿಸಿದವರಿಗೆ ತೋಳಗಳು ಸರಹದ್ದಿನ ಹೊರ ಅಂಚಿನ ಸುಮಾರು ಒಂದು ಕಿಲೋಮೀಟರ್ ಪಟ್ಟಿಯಲ್ಲಿ ಬಿಲ ಮಾಡುವುದನ್ನು ತಪ್ಪಿಸುವುದು ಕಂಡಿತು. ನಿಮ್ಮ ಬಿಲವೋ, ಚಿತ್ರದಲ್ಲಿ ಕಾಣುವಂತೆ, ಪೂರ್ವದ ಹಿಂಡಿನ ಗೆರೆಯಿಂದ ಎರಡೇ ಷಟ್ಕೋನ ದೂರದಲ್ಲಿದೆ.

ಆಟದ ಮೇಲಿನ ನಿಮ್ಮ ಆಕ್ಷೇಪದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುತ್ತಿಲ್ಲ. ಪೀಟರ್ಸ್ ಮತ್ತು ಮೀಚ್ ಅವರ ಲೆಕ್ಕದಂತೆ ಹಿಂಡೊಂದು ತನ್ನ ಸರಹದ್ದಿನ ಹೆಚ್ಚಿನ ಭಾಗಗಳಿಗೆ ಸುಮಾರು ಮೂರು ವಾರಕ್ಕೊಮ್ಮೆ ಮರಳುತ್ತಿತ್ತು. ಆಟದಲ್ಲಿ ಕಾಲವನ್ನು ಹಿಂಡಿ ಚಿಕ್ಕದು ಮಾಡಿರುವುದರಿಂದ ಆ ಮೂರು ವಾರದ ಸಾವಧಾನ ನಮಗೆ ಸಿಗುವುದಿಲ್ಲ, ಮತ್ತು ಐದಾರು ತೋಳಗಳು ಹಂಚಿಕೊಳ್ಳುವ ಹೊರೆಯೆಲ್ಲ ಒಬ್ಬ ಆಟಗಾರನ ಬೆರಳಿನ ಮೇಲೆ ಬೀಳುತ್ತದೆ. ಅದು ಭಾರವೆನಿಸಿದರೆ ಕಷ್ಟದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ಆಡುವುದರಲ್ಲಿ ನಾಚಿಕೆಯೇನೂ ಇಲ್ಲ. ನಾನು ಮೊದಲ ಎರಡು ಪೀಳಿಗೆಯ ಮರಿಗಳನ್ನು ಹಾಗೆಯೇ ಬೆಳೆಸಿದೆ. ಆದರೆ ಗಡಿಯನ್ನು ಪೂರ್ತಿಯಾಗಿ ಕೈಬಿಡಬೇಡಿ. ನಾನು ಅದನ್ನೂ ಮಾಡಿ ನೋಡಿದ್ದೇನೆ. ಮೊದಲ ಕೆಲವು ದಿನ ಬಹಳ ಹಗುರವೆನಿಸಿತು, ಬೇಟೆಯೂ ಚೆನ್ನಾಗಿ ನಡೆಯಿತು. ಆಮೇಲೆ ಪರಕೀಯ ತೋಳಗಳ ಜಾಡು ಬಿಲದ ಬಾಯಿಯವರೆಗೂ ಬರತೊಡಗಿತು, ಬೇಟೆಗೆಂದು ಹೊರಗೆ ಹೋಗುವುದೇ ಅಸಾಧ್ಯವಾಯಿತು.

ನಿಮ್ಮ ಈಗಿನ ಸ್ಥಿತಿಯಲ್ಲಿ ನಾನಾಗಿದ್ದರೆ ಮೊದಲು ಹೆಣ್ಣು ತೋಳ ಚೇತರಿಸಿಕೊಳ್ಳುವವರೆಗೆ ಬಿಲದ ಷಟ್ಕೋನವನ್ನೂ ಅದಕ್ಕೆ ತಾಗಿದ ಆರನ್ನೂ ಬಿಟ್ಟು ಹೊರಗೆ ಕಾಲಿಡುತ್ತಿರಲಿಲ್ಲ, ಬೇಟೆಗೆ ಹೊರತು. ಆ ಏಳೂ ಗಾಢವಾದ ಮೇಲೆ ಪೂರ್ವದ ಅಂಚಿನ ಮೂರು ಷಟ್ಕೋನಗಳನ್ನು ಹಿಡಿದು, ಅಲ್ಲಿಂದ ದಕ್ಷಿಣದ ಎಲ್ಕ್ ಬಯಲಿನವರೆಗಿನ ಹಾದಿಯನ್ನು ಸೇರಿಸಿಕೊಳ್ಳುತ್ತಿದ್ದೆ. ಉತ್ತರದ ಎತ್ತರವನ್ನು ಮರೆತುಬಿಡಿ. ಆಟದ ಲೆಕ್ಕದಲ್ಲಿ ಒಂದು ವಾರ ಹೀಗೆ ನಡೆಸಿ, ಉಳಿದ ಎರಡು ಮರಿಗಳ ತೂಕವನ್ನೂ ನಕಾಶೆಯ ಹೊಸ ಚಿತ್ರವನ್ನೂ ಇಲ್ಲೇ ಹಾಕಿ. ಪೂರ್ವದ ಹಿಂಡು ಆಗಲೂ ಒತ್ತುತ್ತಿದ್ದರೆ ಬಿಲವನ್ನೇ ಬದಲಿಸಬೇಕೋ ಬೇಡವೋ ಎಂದು ಆಮೇಲೆ ನೋಡೋಣ.